ಸಂಜಯನ ಧರ್ಮ

ರಣಭೂಮಿಯಿಂದ ದೂರದಲ್ಲಿರುವವರಿಗೆ ಯುದ್ಧವೆಂಬುದು ಪರರ ಬಾಯಿಂದ ಕೇಳಿದ ಮಾತು. ಹಸ್ತಿನಾವತಿಯ ಅಂಧನೃಪನಿಗೆ ಸಂಜಯನು ದೊರೆತನು. ಆತನ ದಿವ್ಯದೃಷ್ಟಿಯನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಅರಸನ ಅನ್ನವನ್ನುಂಡೂ ಅರಸುಮಕ್ಕಳ ಮರಣವನ್ನು ಮರೆಮಾಚದೆ ನುಡಿದ ಆತನ ನಾಲಗೆಯ ನಿಷ್ಠೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಸ್ವಪಕ್ಷಕ್ಕೆ ಅಪ್ರಿಯವಾದ ಸತ್ಯವನ್ನು ಯುದ್ಧಕಾಲದಲ್ಲಿ ಹೇಳುವುದು ಧರ್ಮವೋ ದ್ರೋಹವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1854ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು ವಿಲಿಯಂ ಹೊವರ್ಡ್ ರಸೆಲ್ಲನನ್ನು ಕ್ರಿಮಿಯಾ ಯುದ್ಧಕ್ಕೆ ಕಳುಹಿಸಿತು. ಆತನು ಸೈನಿಕರ ಶೌರ್ಯವನ್ನು ವರ್ಣಿಸಿದಂತೆಯೇ, ಚಳಿಗಾಲದಲ್ಲಿ ತಕ್ಕ ಉಡುಪೂ ಔಷಧವೂ ಇಲ್ಲದೆ ರೋಗದಿಂದ ಸಾಯುತ್ತಿದ್ದವರ ದುರವಸ್ಥೆಯನ್ನೂ ಬರೆದನು. ಇದರಿಂದ ಶತ್ರುವಿಗೆ ಸಹಾಯವಾಗುವುದೆಂದು ಸೇನಾಪತಿಯಾದ ಲಾರ್ಡ್ ರಾಗ್ಲನ್ ಆಕ್ಷೇಪಿಸಿದನು. ಆದರೆ ಜನರು ಕೆರಳಿದರು; 1855ರ ಆರಂಭದಲ್ಲಿ ಅಬರ್ಡೀನನ ಮಂತ್ರಿಮಂಡಲವು ಉರುಳಿತು. 1858ರಲ್ಲಿ ನಮ್ಮ ದೇಶಕ್ಕೆ ಬಂದಾಗಲೂ, ತನ್ನವರು ತೀರಿಸಿಕೊಂಡ ಸೇಡಿನ ಕ್ರೌರ್ಯವನ್ನು ರಸೆಲ್ಲನು ಮುಚ್ಚಿಡಲಿಲ್ಲ.

ಇದಕ್ಕೆ ವಿಪರೀತವಾದುದು 1916ರ ಜುಲೈ 1ರ ಸಂಗತಿ. ಫ್ರಾನ್ಸಿನ ಸೊಮ್ ಪ್ರದೇಶದಲ್ಲಿ ಆ ಒಂದೇ ದಿನ ಬ್ರಿಟಿಷ್ ಸೈನ್ಯದ 19,240 ಮಂದಿ ಮಡಿದರು. ಗಾಯಗೊಂಡವರೂ ಕಾಣೆಯಾದವರೂ ಸೇರಿ ನಷ್ಟವು 57,470. ಪತ್ರಿಕೆಗಳಾದರೋ ಶುಭವಾರ್ತೆಯನ್ನೇ ಸಾರಿದವು. ಸೈನ್ಯದ ಸಮವಸ್ತ್ರವನ್ನು ಧರಿಸಿ, ಸೈನ್ಯದ ಪರೀಕ್ಷಕರಿಗೆ ಒಪ್ಪಿಸಿ ಬರೆದ ಸುದ್ದಿಗಾರರಲ್ಲಿ ಒಬ್ಬನಾದ ಬೀಚ್ ಥಾಮಸನು 1925ರಲ್ಲಿ ತನ್ನ ಅಂದಿನ ಬರಹಗಳಿಗಾಗಿ ನಾಚಿಕೆಪಟ್ಟನು.

ಇಲ್ಲಿ ಮೌನಕ್ಕೂ ಮಿಥ್ಯಕ್ಕೂ ಇರುವ ಭೇದವನ್ನು ಗಮನಿಸಬೇಕು. ಫಿರಂಗಿಗಳ ನೆಲೆಯನ್ನೂ ನಾಳಿನ ಪ್ರಯಾಣವನ್ನೂ ಹೇಳದಿರುವುದು ಮೌನ. ಅದು ಯೋಧರ ಪ್ರಾಣವನ್ನು ಉಳಿಸೀತು. ಅಪಜಯವನ್ನು ಜಯವೆನ್ನುವುದು ಮಿಥ್ಯ. ಅದು ಯಾರನ್ನು ವಂಚಿಸುತ್ತದೆ? ಇದಿರಿನ ಕಂದಕದಲ್ಲಿದ್ದ ಜರ್ಮನನು ನಡೆದುದನ್ನು ಕಣ್ಣಾರೆ ಕಂಡಿದ್ದನು. ಕಾಣದಿದ್ದವಳು, ತನ್ನೂರಿನ ತರುಣರನ್ನು ಒಂದೇ ದಂಡಿನಲ್ಲಿ ಕಳುಹಿಸಿಕೊಟ್ಟು ಕಾಯುತ್ತಿದ್ದ ಆಕ್ರಿಂಗ್ಟನ್ ಪಟ್ಟಣದ ತಾಯಿ. ಸುಳ್ಳು ವಂಚಿಸಿದುದು ಆಕೆಯನ್ನು. ಅಷ್ಟೇ ಅಲ್ಲ, ತಪ್ಪನ್ನು ತಿದ್ದಬಲ್ಲ ಲೋಕಾಭಿಪ್ರಾಯವನ್ನೂ ಅದು ಕುರುಡಾಗಿಸಿತು.

ಹಾಗೆಂದು ದೋಷವೆಲ್ಲವೂ ಹೇಳುವವನದೇ ಅಲ್ಲ. ಪ್ರಿಯವಾದುದನ್ನೇ ಬಯಸುವ ಓದುಗರಿದ್ದಲ್ಲಿ ಅದನ್ನೇ ಬರೆಯುವವರೂ ಹುಟ್ಟುತ್ತಾರೆ. ಧೃತರಾಷ್ಟ್ರನಲ್ಲಿ ದೋಷಗಳು ಹಲವಿದ್ದವು. ಆದರೂ ಪುತ್ರಶೋಕದಿಂದ ಮೂರ್ಛೆಹೋಗಿ ಎಚ್ಚತ್ತಾಗಲೆಲ್ಲ, ಮುಂದೇನಾಯಿತೆಂದು ಸಂಜಯನನ್ನು ಕೇಳುವುದನ್ನು ಮಾತ್ರ ಆತನು ಬಿಡಲಿಲ್ಲ. ಅಷ್ಟು ಧೈರ್ಯವಾದರೂ ನಮ್ಮಲ್ಲಿರಬೇಡವೇ?