ಕಂಡವರು, ಬರೆದವರು

ಮಂದಣ್ಣ ಕಾಣದೇ ಹೋಗಿದ್ದರೆ ಕರ್ವಾಲೊ ಅವರಿಗೆ ಹಾರುವ ಓತಿಯೇ ಇಲ್ಲ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ಓದಿದವರಿಗೆಲ್ಲ ಇದು ಗೊತ್ತು. ಆದರೂ ಪುಸ್ತಕದ ಹೆಸರು ‘ಕರ್ವಾಲೊ’, ‘ಮಂದಣ್ಣ’ ಅಲ್ಲ. ಜೇನಿನ ಹಿಂದೆ ಅಲೆಯುವ, ಊರವರ ಲೆಕ್ಕದಲ್ಲಿ ಯಾವುದಕ್ಕೂ ಬಾರದ ಹುಡುಗನೊಬ್ಬ ಕಂಡದ್ದನ್ನು ಲೋಕ ನಂಬಬೇಕಾದರೆ ನಡುವೆ ಒಬ್ಬ ವಿಜ್ಞಾನಿ ಬೇಕು, ಆಮೇಲೆ ಒಬ್ಬ ಬರಹಗಾರ ಬೇಕು. ಕಂಡವನು, ಹೆಸರಿಟ್ಟವನು, ಬರೆದವನು, ಈ ಮೂವರಲ್ಲಿ ಆ ಅರಿವು ಯಾರದು? ಮಲೆನಾಡಿನ ಕಾಡಿನಲ್ಲಿ ಹುಟ್ಟಿದ ಈ ಪ್ರಶ್ನೆಯನ್ನು ಜೇವರ್ಗಿ ತಾಲೂಕಿನ ಅಂದೋಲಾ ಕಡೆಯ ಎರಿಹೊಲದ ಬದುವಿನ ಮೇಲೆ ನಿಂತು ಕೇಳುವುದು ನನಗೆ ಮುಖ್ಯ ಅನ್ನಿಸಿದೆ. ಕಾಡಿಲ್ಲದ ಕಡೆಯೂ ಕಾಣುವವರಿದ್ದಾರೆ. ಬರೆಯುವವರು ಅತ್ತ ಹೆಚ್ಚು ಬಂದಿಲ್ಲ, ಅಷ್ಟೆ.

ಇದೇ ಪ್ರಶ್ನೆ ದಕ್ಷಿಣ ಆಫ್ರಿಕಾದ ಒಬ್ಬ ಬರಹಗಾರನ ಕೊನೆಯ ವರ್ಷಗಳನ್ನು ಕಹಿಮಾಡಿತು. ಯೂಜೀನ್ ಮರೇ 1871ರಲ್ಲಿ ಪ್ರಿಟೋರಿಯಾದಲ್ಲಿ ಹುಟ್ಟಿದವನು. ಪತ್ರಕರ್ತ, ವಕೀಲ, ಕವಿ. ಬಾಳಿನ ಬಹುಭಾಗ ಮಾರ್ಫಿನ್ ಚಟಕ್ಕೆ ಸಿಕ್ಕಿದವನು. 1905ರಲ್ಲಿ ಅಚ್ಚಾದ ಅವನ ‘ವಿಂಟರ್‌ನಾಖ್’ ಕವಿತೆಯಿಂದಲೇ ಆಫ್ರಿಕಾನ್ಸ್ ಕಾವ್ಯ ಶುರುವಾಯಿತೆಂದು ಎಣಿಸುವವರಿದ್ದಾರೆ. ಆ ಕಾಲಕ್ಕೆ ಆಫ್ರಿಕಾನ್ಸ್ ಎಂದರೆ ಓದಿದವರು ಮೂಗುಮುರಿಯುವ ಅಡುಗೆಮನೆಯ ಮಾತು. ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 1925ರಲ್ಲಿ. ಬೋವರ್ ಯುದ್ಧ ಮುಗಿದ ಮೇಲೆ ಮರೇ ವಾಟರ್‌ಬರ್ಗ್ ಸೀಮೆಗೆ ಹೋಗಿ ಬಬೂನ್ ಹಿಂಡಿನ ಪಕ್ಕದಲ್ಲೇ ಬಿಡಾರ ಹೂಡಿದ. ಗೆದ್ದಲ ಹುತ್ತಗಳನ್ನು ಒಡೆದು, ಮುಂದೆ ಕೂತು ನೋಡಿದ. ಬರ ಬಿದ್ದಾಗ ಆ ಹುಳಗಳು ನೀರಿಗಾಗಿ ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಬೆನ್ನುಹತ್ತಿದ. ಹುತ್ತ ಅಂದರೆ ಹುಳಗಳ ಊರಲ್ಲ, ಅದೇ ಒಂದು ಪ್ರಾಣಿ, ರಾಣಿ ಅದರ ಮಿದುಳು, ಓಡಾಡುವ ಹುಳಗಳು ಅದರ ರಕ್ತಕಣ ಎಂಬ ತೀರ್ಮಾನಕ್ಕೆ ಬಂದು, 1920ರ ದಶಕದಲ್ಲಿ ತನ್ನ ಭಾಷೆಯ ಪತ್ರಿಕೆಗಳಲ್ಲಿ ಬರೆದ.

1926ರಲ್ಲಿ ಮಾರಿಸ್ ಮಾಟರ್‌ಲಿಂಕ್ ಗೆದ್ದಲುಗಳ ಬದುಕಿನ ಮೇಲೆ ಫ್ರೆಂಚ್ ಪುಸ್ತಕ ತಂದ. ಆತ 1911ರ ನೊಬೆಲ್ ಪಡೆದವನು, ಹುಟ್ಟಿನಿಂದ ಫ್ಲೆಮಿಷ್, ಎಂದರೆ ಅದರ ನಂಟಿನ ಭಾಷೆಯಾದ ಆಫ್ರಿಕಾನ್ಸ್ ಓದಿದರೆ ತಿಳಿಯುತ್ತಿದ್ದವನು. ನನ್ನದನ್ನೇ ಎತ್ತಿದ್ದಾನೆ ಎಂದು ಮರೇ ಕೂಗಿದ. ಊರಿನ ಪತ್ರಿಕೆಗಳು ಬೆನ್ನಿಗೆ ನಿಂತವು. ಮೊಕದ್ದಮೆ ಹೂಡಲು ದುಡ್ಡಿರಲಿಲ್ಲ. ‘ಗೆದ್ದಲಿನ ಆತ್ಮ’ ಎನ್ನಬಹುದಾದ ಅವನ ಪುಸ್ತಕ 1934ರಲ್ಲಿ ಬಂತು; 1936ರ ಮಾರ್ಚಿನಲ್ಲಿ ಗುಂಡು ಹಾರಿಸಿಕೊಂಡು ಸತ್ತ; ಇಂಗ್ಲಿಷ್ ಅನುವಾದ ಬಂದದ್ದು ಮರುವರ್ಷ.

ಗೆದ್ದಲು ಕಟ್ಟಿದ ಹುತ್ತ ಹಾವಿಗಾಯಿತು ಎಂಬ ಗಾದೆ ನಮ್ಮಲ್ಲಿ ಇಂಥದ್ದಕ್ಕೇ ಇರುವುದು. ಪಂಚಮಿಗೆ ಹಾಲೆರೆಯುವ ಹೆಣ್ಣುಮಕ್ಕಳೂ ನಾಗಪ್ಪನನ್ನು ನೆನೆಯುತ್ತಾರೆಯೇ ಹೊರತು ಮಣ್ಣು ಹೊತ್ತ ಹುಳಗಳನ್ನಲ್ಲ. ಆದರೆ ಮರೇಯ ಪ್ರಕರಣವನ್ನು ಗಾದೆಗೆ ಒಪ್ಪಿಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಇರುವೆಗೂಡು ಒಂದೇ ಜೀವಿಯಂತೆ ಎಂಬ ವಾದವನ್ನು ಅಮೆರಿಕದ ವಿಲಿಯಂ ಮಾರ್ಟನ್ ವೀಲರ್ 1911ರಲ್ಲೇ ಅಚ್ಚುಹಾಕಿಸಿದ್ದ. ಮಾಟರ್‌ಲಿಂಕ್ ತಾನು ಬೇರೆಯವರ ಬರಹಗಳಿಂದ ಕಲೆಹಾಕಿ ಬರೆದವನೆಂಬುದನ್ನು ಮುಚ್ಚಿಟ್ಟವನೂ ಅಲ್ಲ. ಹಾಗಾದರೆ ಕಳುವಾದದ್ದೇನು? ವಿಚಾರವಂತೂ ಅಲ್ಲ, ಅದು ಮೊದಲೇ ಲೋಕದಲ್ಲಿತ್ತು. ಸಂಗತಿಯೂ ಅಲ್ಲ; ಹುಳ ಹೇಗೆ ಬದುಕುತ್ತದೆ ಎಂಬುದು ಹುಳದ್ದು, ಅದರ ಮೇಲೆ ಯಾರಿಗೂ ಪಟ್ಟಾ ಇಲ್ಲ.

ಕಳುವಾಗುವುದು ದಾರಿ ಎಂದು ನನ್ನ ವಾದ. ಯಾರು, ಎಲ್ಲಿ, ಎಷ್ಟು ಹೊತ್ತು ಕೂತು, ಏನನ್ನು ನೋಡಿ ಈ ಮಾತಿಗೆ ಬಂದರು ಎಂಬ ದಾರಿ. ಇದನ್ನು ಅಳಿಸಿದರೆ ಒಬ್ಬನ ಮರ್ಯಾದೆ ಹೋಗುತ್ತದೆ ಎಂಬುದು ಸಣ್ಣ ನಷ್ಟ. ದೊಡ್ಡ ನಷ್ಟ ಸತ್ಯಕ್ಕೆ. ಹುತ್ತದ ನಡುವೆ ಉಕ್ಕಿನ ತಗಡು ಇಳಿಸಿದರೂ ಎರಡೂ ಬದಿಯ ಹುಳಗಳು ಒಂದಕ್ಕೊಂದು ಕೂಡುವ ಹಾಗೆಯೇ ಕಟ್ಟುತ್ತವೆ ಎಂದು ಮರೇ ಬರೆದಿದ್ದಾನೆ. ಇವತ್ತಿನ ಕೀಟಶಾಸ್ತ್ರ ಇದನ್ನು ಒಪ್ಪಿಲ್ಲ, ನನಗೂ ನಂಬಿಕೆ ಇಲ್ಲ. ಆದರೆ ಹೀಗೆ ಮಾಡಿದೆ, ಹೀಗೆ ಕಂಡೆ ಎಂದು ಆತ ಹೇಳಿದ್ದರಿಂದಲೇ ನಾವು ಇಲ್ಲ ಅನ್ನಬಹುದು. ದಾರಿ ಕಿತ್ತ ಮಾತು ತಪ್ಪಾಗುವ ಯೋಗ್ಯತೆಯನ್ನೂ ಕಳೆದುಕೊಳ್ಳುತ್ತದೆ.

ತೊಗರಿಯ ಗೊಡ್ಡು ರೋಗವನ್ನು ನೋಡಿ. ಮಾಗಿಯ ಹೊತ್ತಿಗೆ ಅಂದೋಲಾ ಸುತ್ತಿನ ಹೊಲಗಳಲ್ಲಿ ಗಿಡಗಳೆಲ್ಲ ಹೂಬಿಟ್ಟು ಕಾಯಿಗೆ ತಿರುಗುವಾಗ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ತಿಳಿಹಸಿರಾಗಿ, ಸಣ್ಣೆಲೆಗಳನ್ನು ಗೊಂಚಲುಗೊಂಚಲಾಗಿ ಹೊತ್ತು, ಹೂವೇ ಇಲ್ಲದೆ ನಿಂತಿರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಹಳದಿ ಹಸಿರು ಕಲಸಿದ ಮಚ್ಚೆ. ಗೊತ್ತಿಲ್ಲದವನಿಗೆ ಹೊಲದಲ್ಲೇ ಸೊಂಪಾದ ಗಿಡ ಅದೇ. ಗೊತ್ತಿದ್ದವನು ದೂರದಿಂದಲೇ, “ನೋಡ್ರಿ ಸರ, ಅದು ಗೊಡ್ಡು ಬಿದ್ದದ. ಆ ಮೂಲ್ಯಾಗ ಹೋದವರ್ಷದ ಕೂಳಿ ಹಂಗೇ ಬಿಟ್ಟಾರ, ಅಲ್ಲಿಂದೇ ಸುರು ಆಗ್ಯದ” ಅನ್ನುತ್ತಾನೆ. ಈ ರೋಗ ಮೊದಲು ಕಾಗದಕ್ಕೆ ಬಂದದ್ದು 1931ರಲ್ಲಿ, ಬಿಹಾರದ ಪೂಸಾದಿಂದ. ಕಣ್ಣಿಗೆ ಕಾಣದ ನುಸಿ ಇದನ್ನು ಹರಡುತ್ತದೆಂದು ತಿಳಿದದ್ದು 1960ರ ದಶಕದಲ್ಲಿ. ಒಳಗಿನ ವೈರಾಣು ಸಿಕ್ಕಿದ್ದು ಹೆಚ್ಚುಕಡಿಮೆ 2000ದ ಹೊತ್ತಿಗೆ. ಕೂಳೆಯಾಗಿ ಉಳಿದ ಗಿಡಗಳಲ್ಲಿ ನುಸಿಯೂ ವೈರಾಣುವೂ ಮುಂದಿನ ಬೆಳೆಯವರೆಗೆ ಜೀವ ಹಿಡಿದಿರುತ್ತವೆ ಎಂದು ಇವತ್ತಿನ ಪುಸ್ತಕ ಹೇಳುತ್ತದೆ. ಹೊಲದ ಮೂಲೆಯನ್ನು ತೋರಿಸಿದ ಬೆರಳಿಗೆ ನುಸಿ ಗೊತ್ತಿರಲಿಲ್ಲ, ನಿಜ. ಎಲ್ಲಿ ಹುಡುಕಬೇಕೆಂಬುದು ಗೊತ್ತಿತ್ತು. ಅದೇ ಮಾತು ವರದಿಗೆ ಹೋಗುವಾಗ ‘ಕೆಲವೆಡೆ ಬೆಳವಣಿಗೆ ಕುಂಠಿತವಾಗಿದೆಯೆಂದು ರೈತರು ತಿಳಿಸಿದ್ದಾರೆ’ ಎಂದಾಗುತ್ತದೆ. ಮೂಲೆ ಹೋಯಿತು, ಕೂಳೆ ಹೋಯಿತು, ಹೋದವರ್ಷ ಹೋಯಿತು. ಉಳಿದದ್ದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಮರೇಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮಾಟರ್‌ಲಿಂಕ್ ಪುಸ್ತಕ ಬಂದ ಮರುವರ್ಷ, 1927ರಲ್ಲಿ, ಮರೇಯ ‘ಡ್ವಾಲ್‌ಸ್ಟೋರೀಸ್’ ಎಂಬ ಕತೆಗಳ ಪುಸ್ತಕ ಹೊರಬಂತು. ಆ ಕತೆಗಳನ್ನು ಆತ ಕೇಳಿದ್ದು ಹೆಂಡ್ರಿಕ್ ಎಂಬ ಸ್ಯಾನ್ ಮುದುಕನ ಬಾಯಿಂದ. ಹೆಂಡ್ರಿಕ್‌ನ ಹೆಸರನ್ನು ಮರೇ ಮುಚ್ಚಿಡಲಿಲ್ಲ. ಆದರೂ ಸಾಹಿತ್ಯದ ಇತಿಹಾಸದಲ್ಲಿ ಅವು ಮರೇಯ ಕತೆಗಳು. ಮುದುಕ ಬರೇ ಮೂಲ. ತನ್ನನ್ನು ದೋಚಿದರೆಂದು ಕೂಗಿದವನೇ ಇನ್ನೊಬ್ಬನ ಮಾತಿನ ಮೇಲೆ ನಿಂತಿದ್ದ ಎಂದು ಎತ್ತಿ ಆಡುವುದು ಸುಲಭ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ: ಹೆಸರು ಹೇಳಿದ ಮಾತ್ರಕ್ಕೆ ದಾರಿ ಉಳಿಯುವುದಿಲ್ಲ. ಮುನ್ನುಡಿಯ ಒಂದು ಸಾಲಿನಲ್ಲಿ ಕೃತಜ್ಞತೆ ಸಲ್ಲಿಸಿ, ಮುಂದಿನ ಪುಟಗಳಲ್ಲೆಲ್ಲ ಒಬ್ಬನೇ ಮಾತಾಡಿದರೆ ಓದುವವನ ಕಿವಿಗೆ ಬೀಳುವುದು ಒಬ್ಬನೇ.

ತೇಜಸ್ವಿ ಮಾಡಿದ್ದು ಇದಕ್ಕೆ ಉಲ್ಟಾ. 1938ರಲ್ಲಿ ಕುವೆಂಪು ಮಗನಾಗಿ ಹುಟ್ಟಿ, ಮೈಸೂರಿನಲ್ಲಿ ಎಂ.ಎ. ಮುಗಿಸಿ, ನೌಕರಿ ಹಿಡಿಯದೆ ಮೂಡಿಗೆರೆಯ ಕಾಫಿ ತೋಟ ಸೇರಿದವರು. 2007ರಲ್ಲಿ ಅಲ್ಲೇ ತೀರಿಕೊಂಡರು. ‘ಕರ್ವಾಲೊ’ದಲ್ಲಿ ಓತಿಯ ಕತೆ ಎಷ್ಟಿದೆಯೋ ಮಂದಣ್ಣನ ಮದುವೆ, ಅವನ ಮೇಲೆ ಬಿದ್ದ ಪೊಲೀಸ್ ಕೇಸು, ಬಿರಿಯಾನಿ ಕರಿಯಪ್ಪ ಮರ ಹತ್ತುವ ಕತೆಯೂ ಅಷ್ಟೇ ಇದೆ. ಕಾಡಿನೊಳಗೆ ಹೋಗುವಾಗ ವಿಜ್ಞಾನಿ ಇವರನ್ನೆಲ್ಲ ನೆಚ್ಚಿಕೊಂಡೇ ಹೆಜ್ಜೆ ಇಡುತ್ತಾರೆ. ‘ಪರಿಸರದ ಕತೆ’ಯಲ್ಲೂ ಮಾರ, ಪ್ಯಾರ ಇಲ್ಲದೆ ಪರಿಸರ ಇಲ್ಲ, ಅವರು ಸುಳ್ಳು ಹೇಳುತ್ತಾರೆ, ಬೊಗಳೆ ಬಿಡುತ್ತಾರೆ, ನಡುವೆ ನಿಜ ಹೇಳುತ್ತಾರೆ, ಮೂರನ್ನೂ ತೇಜಸ್ವಿ ದಾಖಲಿಸುತ್ತಾರೆ. ಇದನ್ನು ಹಾಸ್ಯ ಎಂದು ಓದಿ ನಕ್ಕು ಮುಗಿಸಿದವರು ಬಹಳ. ಅದು ವಿಧಾನ ಎಂದು ನನ್ನ ನಂಬಿಕೆ. ಹೇಳಿದವನ ಬೊಗಳೆಯನ್ನೂ ಬರೆದಿಟ್ಟರೆ ತಾನೆ ಅವನ ನಿಜಕ್ಕೆ ತೂಕ ಕಟ್ಟಲು ಆಗುವುದು? ಓತಿ ಕೊನೆಗೆ ಯಾರ ಕೈಗೂ ಸಿಗದೆ ತೇಲಿಹೋಗುತ್ತದೆ. ಕಾದಂಬರಿಯಲ್ಲಿ ಉಳಿಯುವುದು ಅದನ್ನು ಹುಡುಕಿಕೊಂಡು ಹೋದವರ ಸಾಲು.

ಕಾನೂನು ಈ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಬಿಡಿಸಹೊರಟಿದೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅದು ಸೀಮೆಯ ಹೆಸರನ್ನು ಕಾಯುತ್ತದೆ, ಒಳ್ಳೆಯದೇ. ಕಂಡವನನ್ನು ಅದು ಕೇಳುವುದಿಲ್ಲ. ಕೇಳುವುದು 2002ರ ಜೀವವೈವಿಧ್ಯ ಕಾಯ್ದೆ. ಅದರಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು, ಅದರಲ್ಲಿ ಊರಿನ ತಿಳಿವಳಿಕಸ್ಥರ ಹೆಸರಿಗೂ ಜಾಗವಿದೆ. 2020ರ ಜನವರಿಯೊಳಗೆ ಮುಗಿಸಿ, ಇಲ್ಲವೆ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಿ ಎಂದು ಹಸಿರು ನ್ಯಾಯಮಂಡಳಿ ರಾಜ್ಯಗಳಿಗೆ ಗಡುವು ಹಾಕಿತು. ಗಡುವಿಗೆ ಅಂಜಿ ತುಂಬಿದ ಪುಸ್ತಕ ಎಂಥದ್ದಿರುತ್ತದೆ ಎಂದು ಪಂಚಾಯಿತಿ ಕಟ್ಟೆ ಹತ್ತಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗಿಡದ ಹೆಸರು, ಸ್ಥಳೀಯ ಹೆಸರು, ಉಪಯೋಗ: ಔಷಧಿ. ಮುಂದಿನ ಸಾಲು.

ಹೊಲದ ಮೂಲೆ ತೋರಿಸಿದಂಥವರ ಬಳಿ ಇಂಥ ಪುಸ್ತಕ ಹಿಡಿದು ಹೋಗಿ ಹೆಸರು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: “ನನ್ನ ಹೆಸರು ಯಾಕ್ರಿ, ಇದು ಎಲ್ಲಾರಿಗೂ ಗೊತ್ತಿದ್ದುದೇ ಅದ.” ಇದು ನಾಚಿಕೆ ಅಲ್ಲ, ವಾದ. ಅರಿವು ಒಬ್ಬನದಲ್ಲ, ಊರಿನದು ಎಂಬ ವಾದ. ನನ್ನ ಇಡೀ ತರ್ಕಕ್ಕೆ ಇದಕ್ಕಿಂತ ಗಟ್ಟಿ ಆಕ್ಷೇಪ ಮಾಟರ್‌ಲಿಂಕ್ ಕಡೆಯವರೂ ಎತ್ತಲಾರರು. ಹಾಗೆಂದು ಹೆಸರಿನ ಜಾಗ ಖಾಲಿ ಬಿಟ್ಟರೆ, ಎಲ್ಲರಿಗೂ ಗೊತ್ತಿದ್ದದ್ದು ನಾಳೆ ಯಾರೋ ಒಬ್ಬರು ಕಂಡುಹಿಡಿದದ್ದಾಗಿ ಬಿಡುತ್ತದೆ. ನಾನಾದರೆ ಹೆಸರು ಬರೆಯುತ್ತೇನೆ, ಹೊಲದ ಗುರುತು ಬರೆಯುತ್ತೇನೆ, ಪಕ್ಕದಲ್ಲಿ ಅವರ ಈ ಮಾತನ್ನೂ ಅವರ ಬಾಯಲ್ಲಿ ಬಂದ ಹಾಗೆಯೇ ಸೇರಿಸುತ್ತೇನೆ. ಹಾಗೆ ಬರೆಯಲು ಆ ನಮೂನೆಯಲ್ಲಿ ಕಾಲಂ ಇಲ್ಲ.