ಎಂಜಿನ್ನಿನ ಸದ್ದು ಮತ್ತು ಅನರ್ಥದಂಡ

ದೊಡ್ಡ ಸದ್ದು ಮಾಡುವ ಹಳೆಯ ವಾಹನವನ್ನು ಬರೀ ಖುಷಿಗಾಗಿ ಓಡಿಸಬಹುದೇ ಎಂಬ ಪ್ರಶ್ನೆ ಶೋಕಿಯದೆಂದು ಕಂಡರೂ ಅಹಿಂಸೆಯ ಚರ್ಚೆಗೇ ಸೇರಿದ್ದು. ಬೇರೆ ದೇಶಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿನ ಒಡೆಯರಿಗೆ ಎದುರಾಗುವ ಈ ಪ್ರಶ್ನೆ ಮಲೆನಾಡಿನಲ್ಲಿ ಜಾವಾ, ಯೆಜ್ಡಿಗಳ ರೂಪದಲ್ಲಿ ಬರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಬೈಕುಗಳನ್ನು ಜೋಪಾನ ಮಾಡಿ ಓಡಿಸುವವರು ಇನ್ನೂ ಇದ್ದಾರೆ. ಗೇರ್ ಹಾಕುವ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯಬೇಕು. ಆಯಿಲ್ ಬೆರೆಸಿದ ಪೆಟ್ರೋಲ್ ಹೊತ್ತಿಕೊಂಡರೆ ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆಯೂ ಆ ಗುರುತಿನ ಸದ್ದೂ ಒಟ್ಟಿಗೇ ಹೊರಡುತ್ತವೆ. ಸದ್ದನ್ನು ಕಳೆದರೆ ಯೆಜ್ಡಿಯಲ್ಲಿ ಉಳಿಯುವುದು ಕಡಿಮೆಯೇ.

ಮಲೆನಾಡಿನ ಸಾಗರದ ಬಳಿಯ ಹೆಗ್ಗೋಡಿನ ಸುತ್ತಮುತ್ತ ಮನೆಗಳು ದೂರ ದೂರ. ತೋಟಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿವೆ. ಚಳಿಗಾಲದ ಬೆಳಗಿನ ಜಾವ ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯದು ನಿಂತಿರುವಾಗ ಸದ್ದು ಮೇಲಕ್ಕೆ ಹೋಗದೆ ನೆಲದತ್ತಲೇ ಬಾಗಿ ಬಹುದೂರ ಸಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ.

ಇಂಥ ಸದ್ದಿನ ಧರ್ಮಾಧರ್ಮವನ್ನು ತೂಗಲು ಬೇಕಾದ ಮಾತು ಜೈನ ಶ್ರಾವಕಾಚಾರದಲ್ಲಿ, ಅಂದರೆ ಗೃಹಸ್ಥರ ನಡವಳಿಕೆಯ ಶಾಸ್ತ್ರದಲ್ಲಿದೆ. ಹೊಸನಗರ ತಾಲ್ಲೂಕಿನ ಹುಂಚ ಆ ಪರಂಪರೆಯ ಹಳೆಯ ಕ್ಷೇತ್ರ. ಮುನಿಯಾದವನು ಈರ್ಯಾಸಮಿತಿಗೆ ಬದ್ಧ. ಜೀವಜಂತುಗಳಿಗೆ ನೋವಾಗದಂತೆ ಮುಂದಿನ ನೆಲ ನೋಡಿಕೊಂಡೇ ಹೆಜ್ಜೆ ಇಡಬೇಕು. ಗೃಹಸ್ಥನಿಂದ ಅಷ್ಟನ್ನು ಕೇಳಿಲ್ಲ. ಅಡುಗೆ, ಸಂಪಾದನೆ, ಮನೆ ಕಟ್ಟುವುದು ಇವುಗಳಲ್ಲಿ ಒಂದಿಷ್ಟು ಹಿಂಸೆ ತಪ್ಪದು. ಅವನು ಬಿಡಬೇಕಾದದ್ದು ಅನರ್ಥದಂಡವನ್ನು, ಅಂದರೆ ಯಾವ ಪ್ರಯೋಜನವೂ ಇಲ್ಲದ ಹಿಂಸೆಯನ್ನು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇದರ ಐದು ಬಗೆಗಳನ್ನು ಹೇಳಿ, ಅವುಗಳಲ್ಲಿ ಪ್ರಮಾದಚರ್ಯೆಯನ್ನೂ ಸೇರಿಸುತ್ತದೆ. ಸುಮ್ಮಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಅದಕ್ಕೆ ಉದಾಹರಣೆ. ಕೇಡು ಬಗೆಯುವ ಮನಸ್ಸು ಇಲ್ಲದಿದ್ದರೂ ಎಚ್ಚರಗೇಡಿತನವೇ ಇಲ್ಲಿ ದೋಷ.

ಈ ಅಳತೆಯಲ್ಲಿ ನೋಡಿದರೆ, ರೋಗಿಯನ್ನು ಸಾಗರದ ಆಸ್ಪತ್ರೆಗೆ ಒಯ್ಯುವ ಲಟಾರಿ ಜೀಪು ಎಷ್ಟು ಅಬ್ಬರಿಸಿದರೂ ಅದರ ಸದ್ದಿಗೆ ಅರ್ಥವಿದೆ. ನಿಂತಲ್ಲೇ ಎಕ್ಸಲರೇಟರ್ ತಿರುವಿ ಗುರುಗುಟ್ಟಿಸುವುದಕ್ಕೆ ಇಲ್ಲ. ತೊಡಕು ಇರುವುದು ನಡುವಿನ ಪ್ರಕರಣದಲ್ಲಿ: ಭಾನುವಾರದ ಖುಷಿಯ ಓಡಾಟ. ಸಂತೋಷವನ್ನು ಪ್ರಯೋಜನದ ಲೆಕ್ಕದಿಂದ ಪೂರ್ತಿ ಹೊರಗಿಡುವುದು ಗೃಹಸ್ಥಧರ್ಮಕ್ಕೆ ನ್ಯಾಯವಲ್ಲ. ಹಳೆಯ ಎಂಜಿನ್ನನ್ನು ಬದುಕಿಸಿಕೊಳ್ಳುವುದು ಕೈಕೆಲಸವೂ ಹೌದು: ಕಾರ್ಬೊರೇಟರ್ ಬಿಚ್ಚಿ ತೊಳೆಯಬೇಕು, ಪಾಯಿಂಟ್ ಸರಿಮಾಡಬೇಕು, ಸೈಲೆನ್ಸರಿನ ಮಸಿ ತೆಗೆಯಬೇಕು. ರಂಗನಿರ್ದೇಶಕ ಪ್ರಸನ್ನ ಅವರ ಚರಕ ಸಂಸ್ಥೆ ಕೈಮಗ್ಗವನ್ನು ಎತ್ತಿ ಹಿಡಿದ ಈ ಸೀಮೆಯಲ್ಲಿ ಯಂತ್ರವಾಗಿಯೂ ಕೈಯನ್ನೇ ನಂಬಿ ಬದುಕುವ ಯೆಜ್ಡಿಗೆ ಒಂದು ವಿಚಿತ್ರ ಸ್ಥಾನವಿದೆ.

ಯಕ್ಷಗಾನದ ಚಂಡೆಯೂ ಇಡೀ ರಾತ್ರಿ ಊರಾಚೆಗೆ ಕೇಳುವುದಿಲ್ಲವೇ ಎಂಬ ಆಕ್ಷೇಪ ಸಹಜ. ಆಟವನ್ನು ಊರೇ ಕರೆಸಿರುತ್ತದೆ, ದಿನ, ಜಾಗ ಮೊದಲೇ ಗೊತ್ತಿರುತ್ತದೆ, ಬೆಳಗಾದರೆ ಮುಗಿಯುತ್ತದೆ. ಆ ಒಪ್ಪಿಗೆಯೂ ಪೂರ್ಣವೇನಲ್ಲ, ಧ್ವನಿವರ್ಧಕ ಬಂದ ಮೇಲಂತೂ ಕಾಯಿಲೆಯವರ ನಿದ್ದೆ ಕೆಟ್ಟಿದೆ. ಆದರೂ ದಾರಿಯಲ್ಲಿ ಹಾದುಹೋಗುವ ಬೈಕು ಕೇಳುಗರಲ್ಲಿ ಒಬ್ಬರ ಒಪ್ಪಿಗೆಯನ್ನೂ ಪಡೆದಿರುವುದಿಲ್ಲ. ಕೇಳಲು ಮನಸ್ಸಿಲ್ಲದವನಿಗೆ ಬಲವಂತವಾಗಿ ಕೇಳಿಸುವ ಹಕ್ಕು ಯಾರಿಗೂ ಇಲ್ಲವೆಂದು ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ಹೇಳಿದ್ದೂ ಇದನ್ನೇ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಶಿವರಾಮ ಕಾರಂತ ರಂಗಮಂದಿರದಲ್ಲಿ ನಟನೊಬ್ಬ ಮಾತು ನಿಲ್ಲಿಸಿದಾಗ ಆ ನಿಲುಗಡೆಯೂ ನಾಟಕದ ಭಾಗವೇ. ಹೊರಗೆ ಹಾದ ಸವಾರ ಅದನ್ನು ಕೆಡಿಸಿದ್ದು ತಿಳಿಯದೆಯೇ ಮನೆ ಸೇರಿರುತ್ತಾನೆ. ಪ್ರಮಾದಚರ್ಯೆ ಎಂದರೆ ಇದೇ.

ಆದ್ದರಿಂದ ಹಳೆಯ ವಾಹನವನ್ನು ಓಡಿಸಬಹುದು, ಷರತ್ತಿನ ಮೇಲೆ. ಕಾರ್ಖಾನೆ ಕೊಟ್ಟ ಸೈಲೆನ್ಸರ್ ಇದ್ದಂತೆಯೇ ಇರಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತುರ್ತು ಇಲ್ಲದೆ ಹೊರತೆಗೆಯಬಾರದು. ಮನೆ, ಶಾಲೆ, ರಂಗಮಂದಿರ ದಾಟುವಾಗ ಎಕ್ಸಲರೇಟರ್ ಇಳಿಸಬೇಕು. ಸದ್ದು ಹೆಚ್ಚಲೆಂದೇ ಸೈಲೆನ್ಸರಿನ ಒಳಗೊಳವೆ ಕಿತ್ತುಹಾಕುವುದು ಮಾತ್ರ ಯಾವ ವಾದಕ್ಕೂ ನಿಲ್ಲದ ಅನರ್ಥದಂಡ. ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 120ನೇ ನಿಯಮದಂತೆ ಎಂಜಿನ್ನಿನ ಸದ್ದನ್ನು ತಗ್ಗಿಸುವ ಸೈಲೆನ್ಸರ್ ಕಡ್ಡಾಯ.