ಒಂದು ಗಂಟಲೊಳಗಿನ ಕಾಡು

ಮೊದಲು ಒಂದು ಕರಡಿ ಗುರುಗುಟ್ಟುತ್ತದೆ. 1930ರ ದಶಕದ ಕೊನೆ, ಅಮೆರಿಕದಲ್ಲಿ ಭಾನುವಾರದ ಸಂಜೆ, ರೇಡಿಯೋದ ಸಣ್ಣ ಬೆಳಕಿನ ಸುತ್ತ ಮನೆಮಂದಿಯೆಲ್ಲ ಕೂತಿರುವ ಹೊತ್ತು. ತನ್ನ ಜಿಪುಣತನವನ್ನು ತಾನೇ ಲೋಕಕ್ಕೆಲ್ಲ ಸಾರಿ ನಗಿಸುವ ಜ್ಯಾಕ್ ಬೆನ್ನಿ ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಾನೆ, ಅಲ್ಲಿ ಅವನ ದುಡ್ಡು ಕಾಯುವ ಹಿಮಕರಡಿ ಎದೆಯಾಳದಿಂದ ಒಮ್ಮೆ ಗುರ್ರೆನ್ನುತ್ತದೆ. ಕರಡಿ ಎಲ್ಲೂ ಇಲ್ಲ. ಮೈಕಿನ ಮುಂದೆ ಮೂವತ್ತರ ಆಸುಪಾಸಿನ ಗಂಡಸೊಬ್ಬ ನಿಂತಿದ್ದಾನೆ, ಅಷ್ಟೆ. ಆದರೆ ಸಾವಿರಾರು ಮೈಲಿ ಆಚೆ ಕಂಬಳಿ ಹೊದ್ದು ಕೇಳುತ್ತಿರುವ ಹುಡುಗಿಯೊಬ್ಬಳ ಮನಸ್ಸಿನಲ್ಲಿ ಆ ಗುರುಗುಟ್ಟಿಗೆ ತಾನಾಗಿಯೇ ಬೆಳ್ಳನೆಯ ತುಪ್ಪಳ ಮೂಡುತ್ತದೆ, ಪಂಜ ಮೂಡುತ್ತದೆ, ಬಿಸಿ ಉಸಿರಿನ ವಾಸನೆ ಕೂಡ ಮೂಡುತ್ತದೆ. ಅರ್ಧ ಕರಡಿಯನ್ನು ಅವನು ಕೊಟ್ಟ, ಉಳಿದರ್ಧವನ್ನು ಅವಳೇ ಕತ್ತಲಲ್ಲಿ ಕೂತು ಹೆಣೆದುಕೊಂಡಳು.

ತಾಳಮದ್ದಳೆಯ ಕೂಟದಲ್ಲಿ ರಾತ್ರಿ ಕಳೆದವರಿಗೆ ಇದು ತೀರ ಅಪರಿಚಿತವಲ್ಲ. ಬಿಳಿ ಪಂಚೆ ಉಟ್ಟು, ಬಣ್ಣವಿಲ್ಲದೆ ಕಿರೀಟವಿಲ್ಲದೆ ಸುಮ್ಮನೆ ಕೂತ ಅರ್ಥಧಾರಿ ಬಾಯಿ ತೆರೆದರೆ ಸಾಕು, ಎದುರಿಗೆ ಕೌರವನೇ ಕೂತಿರುತ್ತಾನೆ. ಅಲ್ಲಿಯಾದರೂ ಮುಖ ಕಾಣುತ್ತದೆ. ಮೆಲ್ ಬ್ಲ್ಯಾಂಕ್ ಎಂಬ ಈ ಹಾಸ್ಯನಟನಿಗೆ ಬಹುಕಾಲ ಅದೂ ಇರಲಿಲ್ಲ. ಬೆನ್ನಿಯ ಕಾರ್ಯಕ್ರಮದಲ್ಲಿ ತಿಂಗಳುಗಟ್ಟಲೆ ಆ ಗುರುಗುಟ್ಟಷ್ಟೇ ತನ್ನ ಪಾಲಿಗೆ ಬರುತ್ತಿತ್ತೆಂದೂ, ಕೊನೆಗೊಂದು ದಿನ ತನಗೆ ಮಾತೂ ಬರುತ್ತದೆ ಎಂದು ಬೆನ್ನಿಗೆ ಹೇಳಬೇಕಾಯಿತೆಂದೂ ಅವನು ನೆನೆಸಿಕೊಂಡು ನಗುತ್ತಿದ್ದ.

ಹುಟ್ಟಿದ್ದು 1908ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೆಳೆದದ್ದು ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನಲ್ಲಿ. ಶಾಲೆಯ ಉದ್ದನೆಯ ಮೊಗಸಾಲೆಯಲ್ಲಿ ದನಿ ಎಷ್ಟು ಚೆನ್ನಾಗಿ ಮಾರ್ದನಿಸುತ್ತದೆ ಎಂದು ನೋಡಲಿಕ್ಕೇ ಹುಚ್ಚು ಹುಚ್ಚಾಗಿ ನಕ್ಕು ಓಡುತ್ತಿದ್ದನಂತೆ. ಗೋಡೆಗೆ ಬಡಿದು, ತುಸು ಬೇರೆಯಾಗಿ, ತನ್ನದಲ್ಲವೇನೋ ಎಂಬಂತೆ ಮರಳಿ ಬರುವ ತನ್ನದೇ ನಗುವನ್ನು ಕಿವಿಯಲ್ಲಿ ಹಿಡಿದುಕೊಂಡು ನಿಂತ ಆ ಹುಡುಗನನ್ನು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ಆ ನಗು ಎಲ್ಲೂ ಕಳೆದುಹೋಗಲಿಲ್ಲ. 1940ರಲ್ಲಿ ಅದು ವುಡಿ ವುಡ್‌ಪೆಕರ್ ಎಂಬ ಮರಕುಟಿಗದ ಕೊಕ್ಕಿಗೆ ಹೋಗಿ ಕೂತಿತು. ಒಪ್ಪಂದವೊಂದು ಅವನನ್ನು ಬೇರೆ ಸ್ಟುಡಿಯೋಗೆ ಕಟ್ಟಿಹಾಕಿದ್ದರಿಂದ ಆ ಹಕ್ಕಿಯ ಮಾತು ಇನ್ನೊಬ್ಬರ ಪಾಲಾದರೂ ನಗು ಮಾತ್ರ ಅವನದೇ ಇನ್ನೂ ಕೆಲವು ವರ್ಷ ಕೇಳಿಸುತ್ತಿತ್ತು.

ಹತ್ತೊಂಬತ್ತರ ಹರೆಯದಲ್ಲೇ ರೇಡಿಯೋ ಸೇರಿದ್ದ. 1933ರಲ್ಲಿ ಪೋರ್ಟ್‌ಲ್ಯಾಂಡಿನ ನಿಲಯವೊಂದರಲ್ಲಿ ಹೆಂಡತಿ ಎಸ್ಟೆಲ್ ಜೊತೆಗೂಡಿ ನಿತ್ಯವೂ ಒಂದು ಗಂಟೆಯ ಹಾಸ್ಯ ಕಾರ್ಯಕ್ರಮ. ಬೇರೆ ನಟರನ್ನು ಕರೆಯಲು ನಿಲಯದವರ ಬಳಿ ಹಣವಿಲ್ಲ. ಆದ್ದರಿಂದ ಅಂಗಡಿಯವನೂ ಅವನೇ, ಗಿರಾಕಿಯೂ ಅವನೇ, ಬಾಗಿಲಲ್ಲಿ ಬೊಗಳುವ ನಾಯಿಯೂ ಬೇಕಾದರೆ ಅವನೇ. ಬಡತನ ಕೆಲವರ ಬಾಯಿ ಮುಚ್ಚಿಸುತ್ತದೆ. ಇವನೊಳಗೆ ಅದು ಒಂದು ಊರನ್ನೇ ಎಬ್ಬಿಸಿತು. ಮುಂದೆ ಹಾಲಿವುಡ್ಡಿಗೆ ಬಂದು, ಲಿಯಾನ್ ಶ್ಲೆಸಿಂಜರನ ಕಾರ್ಟೂನು ಸ್ಟುಡಿಯೋದ ಬಾಗಿಲನ್ನು ಬಹಳ ದಿನ ತಟ್ಟಿ, ಕೊನೆಗೆ ಒಳಗೆ ಕರೆಸಿಕೊಂಡಾಗ ಸಿಕ್ಕ ಮೊದಲ ಪಾತ್ರ ಕುಡಿದು ತೂರಾಡುವ ಒಂದು ಗೂಳಿ. ಕುಡಿದ ಗೂಳಿ ಹೇಗೆ ಮಾತಾಡುತ್ತದೆ ಎಂದು ಯಾರಿಗೆ ಗೊತ್ತು? ಅವನು ಮಾತಾಡಿದ ಮೇಲೆ ಬೇರೆ ಹೇಗೂ ಮಾತಾಡಲಾರದು ಅನಿಸಿತು.

ಆಮೇಲೆ ಒಂದೊಂದಾಗಿ ಬಂದವು: ತೊದಲುವ ಹಂದಿ ಪೋರ್ಕಿ, ಎಂಜಲು ಹಾರಿಸುತ್ತ ಜಗಳಕ್ಕೆ ನಿಲ್ಲುವ ಬಾತುಕೋಳಿ ಡ್ಯಾಫಿ, ಸಿಲ್ವೆಸ್ಟರ್ ಬೆಕ್ಕು, ಅದರ ಕೈಗೆ ಎಂದೂ ಸಿಗದ ಟ್ವೀಟಿ ಹಕ್ಕಿ, ಪ್ರೇಮಜ್ವರ ಹತ್ತಿದ ಪೆಪೆ ಎಂಬ ನಾರುವ ಸ್ಕಂಕ್, ಮತ್ತೆ 1940ರ ಆ ಬೂದುಬಣ್ಣದ ಮೊಲ, ಬಗ್ಸ್ ಬನ್ನಿ. ಡ್ಯಾಫಿ ಮತ್ತು ಸಿಲ್ವೆಸ್ಟರ್ ಬಹುಮಟ್ಟಿಗೆ ಒಂದೇ ಕಂಠ. ಧ್ವನಿಮುದ್ರಿಕೆಯ ಓಟವನ್ನು ಕೊಂಚ ಹೆಚ್ಚಿಸಿದರೆ ಅದೇ ಗಂಟಲು ಗರಿ ಹೊದ್ದು ಬಾತುಕೋಳಿಯಾಗುತ್ತದೆ, ಇದ್ದ ಹಾಗೆ ಬಿಟ್ಟರೆ ಮೀಸೆ ತಿರುವುವ ಬೆಕ್ಕಾಗಿ ಉಳಿಯುತ್ತದೆ. ಇದನ್ನು ತಿಳಿದ ಮೇಲೂ ಅವೆರಡೂ ಒಬ್ಬನೇ ಎಂದು ಕಿವಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಮೊಲದ ಪಾತ್ರಕ್ಕೆ ನಿಜವಾದ ಹಸಿ ಗಜ್ಜರಿಯೇ ಬೇಕಾಗಿತ್ತು. ಸೇಬು, ಸೆಲರಿ ಏನೇನೋ ಕಡಿದು ನೋಡಿದರು, ಯಾವುದಕ್ಕೂ ಆ ಸದ್ದಿಲ್ಲ. ಹಾಗಾಗಿ ಗಜ್ಜರಿಯನ್ನೇ ಕಟುಮ್ಮೆಂದು ಕಡಿದು, ಒಂದೆರಡು ಸಲ ಅಗಿದು, ಪಕ್ಕದ ಬುಟ್ಟಿಗೆ ಉಗಿದು ಮುಂದಿನ ಮಾತಿಗೆ ಬಾಯಿ ಸಿದ್ಧಮಾಡಿಕೊಳ್ಳುತ್ತಿದ್ದ. ಅವನಿಗೆ ಗಜ್ಜರಿ ಆಗಿಬರುತ್ತಿರಲಿಲ್ಲ ಎಂದು ಜನ ಹೇಳುವುದುಂಟು. ಅದು ಬರೀ ಕಟ್ಟುಕತೆ. ನುಂಗಲು ಪುರುಸೊತ್ತಿರಲಿಲ್ಲ, ಅಷ್ಟೆ.

ಸಂಬಳ ಹೆಚ್ಚಿಸಿ ಎಂದು ಕೇಳಿದ್ದಕ್ಕೆ ಶ್ಲೆಸಿಂಜರ್ ಒಲ್ಲೆನೆಂದು, ಬದಲಿಗೆ ಪರದೆಯ ಮೇಲೆ ಅವನ ಹೆಸರು ಹಾಕಿಸಿದ. ಧ್ವನಿ ಕೊಡುವವರ ಹೆಸರನ್ನು ಯಾರೂ ಬರೆಯದಿದ್ದ ಕಾಲ. ಹೀಗೆ ಕೈಬಿಗಿಯ ಧಣಿಯೊಬ್ಬನ ದೆಸೆಯಿಂದ ಪ್ರೇಕ್ಷಕರಿಗೆ ಗೊತ್ತಾಯಿತು, ಕಾಡಿನಷ್ಟು ದನಿಗಳ ಹಿಂದೆ ಒಂದೇ ಒಂದು ಮನುಷ್ಯ ಹೆಸರಿದೆ ಎಂದು.

ಆದರೂ ನನಗೆ ಅವನ ಬೆರಗು ಹೆಚ್ಚು ಹತ್ತಿರವಾಗುವುದು ಬೆನ್ನಿಯ ರೇಡಿಯೋದಲ್ಲೇ. ಮುದಿ ಮ್ಯಾಕ್ಸ್‌ವೆಲ್ ಕಾರಿನ ಸದ್ದು ಒಮ್ಮೆ ಧ್ವನಿಮುದ್ರಿಕೆಯಿಂದ ಹೊರಡಲೇ ಇಲ್ಲ. ಬ್ಲ್ಯಾಂಕ್ ಮೈಕಿಗೆ ಹಾರಿ, ಕೆಮ್ಮಿ, ಸೀನಿ, ಏದುಸಿರು ಬಿಟ್ಟು, ತಾನೇ ಕಾರಾಗಿ ಹೊರಟುಬಿಟ್ಟ. ರೈಲು ನಿಲ್ದಾಣದಲ್ಲಿ ಊರ ಹೆಸರು ಕೂಗುವವನಾಗಿ ಅನಹೈಮ್, ಅಝೂಸ ಎಂದು ರಾಗವಾಗಿ ಕರೆದು, ಕುಕಮಾಂಗ ಎಂಬ ಮೂರನೆಯ ಹೆಸರಿನ 'ಕುಕ್' ಎಂಬಷ್ಟನ್ನೇ ಹೇಳಿ ನಿಲ್ಲಿಸುತ್ತಿದ್ದ. ನಡುವೆ ಬೇರೆ ಮಾತುಕತೆ, ಬೇರೆ ನಗೆ ಹರಿದು ಹೋದರೂ ಆ ಅರ್ಧ ಹೆಸರು ಗಾಳಿಯಲ್ಲಿ ತೂಗಿಕೊಂಡೇ ಇರುತ್ತಿತ್ತು. ಕೇಳುಗರು ಉಸಿರು ಬಿಗಿಹಿಡಿದಿರುತ್ತಿದ್ದರು, ಉಳಿದದ್ದು ಯಾವಾಗ ಬಂದೀತೆಂದು. ದನಿಯಿಂದ ನಗಿಸುವವರು ಎಷ್ಟೋ ಮಂದಿ. ದನಿ ಇಲ್ಲದ ಆ ಬಿಡುವಿನಲ್ಲಿ ಒಂದು ದೇಶವನ್ನು ತುದಿಗಾಲಲ್ಲಿ ನಿಲ್ಲಿಸುವವನು ಅಪರೂಪ. ಟಿವಿ ಬಂದಾಗ ಮುಖವೂ ಕಂಡಿತು: ಕ್ರಿಸ್‌ಮಸ್ ಕಾಲದ ಅಂಗಡಿಯಲ್ಲಿ ಬೆನ್ನಿಗೆ ಉಡುಗೊರೆ ಕಟ್ಟಿಕೊಟ್ಟು, ಬಿಚ್ಚಿ, ಮತ್ತೆ ಕಟ್ಟಿ, ಮತಿಗೆಟ್ಟು ಹೋಗುವ ಗುಮಾಸ್ತ.

1961ರ ಜನವರಿ 24ರಂದು ಲಾಸ್ ಏಂಜಲೀಸಿನ ಸನ್‌ಸೆಟ್ ಬೊಲೆವಾರ್ಡಿನ ಅಪಾಯದ ತಿರುವೊಂದರಲ್ಲಿ ಎದುರಿನಿಂದ ಬಂದ ಕಾರು ಅವನ ಕಾರಿಗೆ ಅಪ್ಪಳಿಸಿತು. ಕಾಲು, ಸೊಂಟ, ತಲೆಬುರುಡೆ ಎಲ್ಲಕ್ಕೂ ಪೆಟ್ಟು. ಸುಮಾರು ಎರಡು ವಾರ ಪ್ರಜ್ಞೆಯಿಲ್ಲ. ಹೆಂಡತಿ ಕರೆದಳು, ಮಗ ನೋಯೆಲ್ ಕರೆದ, ವೈದ್ಯರು ಹೆಸರು ಹಿಡಿದು ಕರೆದರು. ಮೆಲ್ ಎಂಬ ಹೆಸರು ಆ ದೇಹದಲ್ಲಿ ಯಾರನ್ನೂ ಎಬ್ಬಿಸಲಿಲ್ಲ. ಆಗ ಒಂದು ದಿನ ವೈದ್ಯರೊಬ್ಬರು, ಏನು ಹೊಳೆಯಿತೋ, ಹಾಸಿಗೆಯ ಮೇಲೆ ಬಾಗಿ, ಬಗ್ಸ್ ಬನ್ನಿ, ಹೇಗಿದ್ದೀಯ ಇವತ್ತು ಎಂದು ಕೇಳಿದರು. ಕ್ಷಣ ಕಳೆದು ತುಟಿ ಅಲುಗಿತು. ಸೊರಗಿದ್ದರೂ ಗುರುತು ತಪ್ಪದ ಮೊಲದ ದನಿ, ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ ಡಾಕ್ ಎಂದಿತು. ಟ್ವೀಟಿ ಒಳಗಿದೆಯೇ ಎಂದರು, ಟ್ವೀಟಿಯೂ ಓಗೊಟ್ಟಿತು.

ಎಷ್ಟು ಬಡಿದರೂ ಯಜಮಾನ ಏಳದ ಮನೆಯಲ್ಲಿ ಮಗುವೊಂದು ನಿದ್ದೆಗಣ್ಣಲ್ಲಿ ಬಂದು ಚಿಲಕ ತೆಗೆದ ಹಾಗೆ. ಮಿದುಳನ್ನು ಬಲ್ಲವರ ಬಳಿ ಇದಕ್ಕೆ ವಿವರಣೆ ಇರಬಹುದು, ಇರಲಿ. ನಾನು ಆ ಹಾಸಿಗೆಯ ಪಕ್ಕದಲ್ಲೇ ಇನ್ನಷ್ಟು ಹೊತ್ತು ನಿಲ್ಲಬಯಸುತ್ತೇನೆ. ನಾವು ಆಡಿ ಬಿಟ್ಟ ವೇಷಗಳು ಎಲ್ಲಿ ಹೋಗಿ ಉಳಿಯುತ್ತವೆ, ಹೆಸರಿಗಿಂತ ಆಳದಲ್ಲಿ, ನೋವೂ ತಲುಪದಲ್ಲಿ, ಒಂದು ಮೊಲ ಹುಲ್ಲಿನ ನಡುವೆ ಕಿವಿ ನಿಮಿರಿಸಿ ಕೂತಿತ್ತೇ? ಇಪ್ಪತ್ತು ವರ್ಷದಿಂದ ಅದು ಎದುರಾದವರನ್ನೆಲ್ಲ, ಬಂದೂಕು ಹಿಡಿದ ಬೇಟೆಗಾರನನ್ನೂ ಸೇರಿಸಿ, 'ಡಾಕ್' ಎಂದೇ ಕರೆಯುತ್ತ ಬಂದಿತ್ತು. ಆ ದಿನ ಆ ಕರೆ ಕೊನೆಗೂ ನಿಜವಾದ ಡಾಕ್ಟರೊಬ್ಬರ ಕಿವಿಗೆ ಬಿತ್ತು.

ಆಗ 'ದಿ ಫ್ಲಿಂಟ್‌ಸ್ಟೋನ್ಸ್' ಧಾರಾವಾಹಿ ನಡೆಯುತ್ತಿತ್ತು; ಅದರಲ್ಲಿ ಅವನು ದನಿ ಕೊಡುತ್ತಿದ್ದ ಬಾರ್ನಿ ರಬಲ್ ಪಾತ್ರವನ್ನು ಕೆಲವು ಕಂತು ಡಾಸ್ ಬಟ್ಲರ್ ನಿಭಾಯಿಸಿದ. ಬಳಿಕ ಮೈತುಂಬ ಪ್ಲಾಸ್ಟರ್ ಬಿಗಿದು ಮಲಗಿದ್ದವನ ಮನೆಗೇ ಸಹನಟರು ಬಂದರು, ಮಂಚದ ಮೇಲೆ ಮೈಕು ಇಳಿಬಿಟ್ಟರು. ಬೆನ್ನು ಎತ್ತಲಾಗದು, ಪಕ್ಕಕ್ಕೆ ಹೊರಳಲಾಗದು. ಆದರೆ ಬಾರ್ನಿಯ ಗೊಗ್ಗರು ನಗು ಎದ್ದು ಕೋಣೆಯ ತುಂಬ ಓಡಾಡಿತು, ಶಿಲಾಯುಗದ ಬೀದಿಗಳಲ್ಲಿ ಬರಿಗಾಲಲ್ಲಿ ಕಾರು ಓಡಿಸಿತು, ನೆರೆಮನೆಯವನ ಬೆನ್ನು ತಟ್ಟಿತು.

ಬದುಕಿದ, ನಡೆದ, ಮತ್ತೂ ಇಪ್ಪತ್ತೆಂಟು ವರ್ಷ ಮಾತಾಡಿದ. 1989ರ ಜುಲೈ 10ರಂದು ತೀರಿಕೊಂಡಾಗ 'ಜೆಟ್ಸನ್ಸ್' ಚಲನಚಿತ್ರ ಇನ್ನೂ ಹೊರಬಂದಿರಲಿಲ್ಲ. ಅದರಲ್ಲಿ ಅವನು ಸಿಡುಕಿನ ಧಣಿ ಸ್ಪೇಸ್ಲಿ. ಬೈಸಿಕೊಳ್ಳುವ ನೌಕರ ಜಾರ್ಜ್‌ಗೆ ದನಿ ಕೊಟ್ಟ ಜಾರ್ಜ್ ಒ'ಹ್ಯಾನ್‌ಲನ್ ಅದೇ ವರ್ಷದ ಫೆಬ್ರುವರಿಯಲ್ಲೇ ಹೋಗಿದ್ದ. ಉಳಿದ ಕೆಲವು ಮಾತುಗಳನ್ನು ಜೆಫ್ ಬರ್ಗ್‌ಮನ್ ತುಂಬಿಕೊಟ್ಟ. 1990ರ ಬೇಸಿಗೆಯಲ್ಲಿ ಚಿತ್ರಮಂದಿರದ ಮಕ್ಕಳೆದುರು ಧಣಿ ಎಂದಿನಂತೆ ಗಂಟಲು ಹರಿಯುವ ಹಾಗೆ ಜಾರ್ಜನ ಹೆಸರು ಹಿಡಿದು ಕೂಗಿದ, ಜಾರ್ಜ್ ಎಂದಿನಂತೆ ಬೆದರಿ ತಡವರಿಸಿದ, ಮಕ್ಕಳು ಬಿದ್ದು ಬಿದ್ದು ನಕ್ಕರು.